ಗೊತ್ತಿದೆಯಾ ಎಂದು ಕೇಳಬೇಡಿ

(ಆರೋಗ್ಯ ಮತ್ತು ಮೊಬೈಲ್ ಸುರಕ್ಷತೆಯ ಕುರಿತ ಮನೆಮನೆ ಸಮೀಕ್ಷೆಗೆ ಹೊರಡುವ ಕಾರ್ಯಕರ್ತರಿಗಾಗಿ ಶ್ರೀಮಠದ ದಾಸೋಹ ಭವನದಲ್ಲಿ ನೀಡಿದ ಉಪನ್ಯಾಸ)

 

ನಾಳೆಯಿಂದ ಎರಡು ವಾರ ನೀವು ಸುತ್ತಲಿನ ಹಳ್ಳಿಗಳ ಮನೆ ಬಾಗಿಲಿಗೆ ಹೋಗುತ್ತೀರಿ. ಕೈಯಲ್ಲಿ ನಾಲ್ಕು ಪುಟದ ಪ್ರಶ್ನೆಪತ್ರ ಇರುತ್ತದೆ. ಎರಡು ಪುಟ ಆರೋಗ್ಯದ್ದು, ಎರಡು ಪುಟ ಮೊಬೈಲಿನದ್ದು. ಇವೆರಡನ್ನು ಒಂದೇ ಫಾರ್ಮಿನಲ್ಲಿ ಏಕೆ ಸೇರಿಸಿದಿರಿ ಎಂದು ನಿನ್ನೆ ಒಬ್ಬ ಶರಣರು ಕೇಳಿದರು. ಒಳ್ಳೆಯ ಪ್ರಶ್ನೆ. ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಈ ಎಲೆಯ ರಸ ಕುಡಿಯಿರಿ ಎಂಬ ಮಾತು ಈಗ ನಮ್ಮ ಮನೆಗೆ ಬರುವುದು ಮೊಬೈಲಿನಿಂದಲೇ. ದೊಡ್ಡಾಸ್ಪತ್ರೆಯ ಡಾಕ್ಟರ ಭೇಟಿಗೆಂದು ಮೊಬೈಲಿನಲ್ಲಿ ನಂಬರು ಹುಡುಕಿದರೆ ವಂಚಕನ ನಂಬರು ಸಿಗುತ್ತದೆ. ಹೆಸರು ನೋಂದಣಿಗೆ ಬರೀ ಹತ್ತು ರೂಪಾಯಿ ಕಳಿಸಿ ಎಂದು ಲಿಂಕು ಬರುತ್ತದೆ. ಅದನ್ನು ಒತ್ತಿದರೆ ಖಾತೆ ಖಾಲಿ. ಇವನ್ನು ಬೇರೆ ಬೇರೆ ಕೇಳಬಹುದು, ಆದರೆ ಮನೆಯಲ್ಲಿ ಇವು ಬೇರೆ ಬೇರೆ ಇಲ್ಲ. ಇನ್ನೊಂದು ಕಾರಣವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಳೆದ ವಾರ ನಾವು ನಾಲ್ಕು ಜನ ಒಂದು ಓಣಿಗೆ ಹೋಗಿ ಪ್ರಶ್ನೆಗಳನ್ನು ಎರಡೆರಡು ರೀತಿಯಲ್ಲಿ ಕೇಳಿ ನೋಡಿದೆವು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿಗೆ, "ಅವ್ವಾ, ಓಟಿಪಿ ಅಂದ್ರೇನು ಗೊತ್ತೈತೇನು?" ಎಂದು ಕೇಳಿದೆವು. "ಗೊತ್ತಿಲ್ದೇನು, ಸಿಲಿಂಡರ್ ತರೋ ಹುಡುಗ ಕೇಳ್ತಾನಲ್ಲ, ಅದೇ ನಂಬರು" ಎಂದಳು. "ಅದನ್ನ ಯಾರಿಗೂ ಹೇಳಬಾರದು ಅನ್ನೋದು ಗೊತ್ತೈತಾ?" "ಹೂಂ, ಗೊತ್ತೈತಿ, ಫೋನಿನಾಗೂ ಹೇಳ್ತಿರತಾರ." ಫಾರ್ಮಿನಲ್ಲಿ ಎರಡು ಕಡೆ ಹೌದು ಎಂದು ಗುರುತು ಬಿತ್ತು. ಆಮೇಲೆ ಇನ್ನೊಂದು ರೀತಿ ಕೇಳಿದೆವು: "ಈ ತಿಂಗಳು ಆ ನಂಬರು ಯಾರ್ಯಾರಿಗೆ ಹೇಳೀಯವ್ವಾ?" ಗ್ಯಾಸಿನವನಿಗೆ, ಮೊಮ್ಮಗನ ಪಾರ್ಸೆಲ್ ತಂದವನಿಗೆ, ಆಧಾರ್ ಸರಿ ಮಾಡಿಸಲು ಹೋದಾಗ ಕಂಪ್ಯೂಟರ್ ಅಂಗಡಿಯವನಿಗೆ. ಮತ್ತೊಬ್ಬ ಫೋನ್ ಮಾಡಿದ್ದನಂತೆ, ಅವನು ಯಾರು ಎಂಬುದು ಅವಳಿಗೆ ನೆನಪಿರಲಿಲ್ಲ.

ಈಗ ನೋಡಿ, ಆ ಅಜ್ಜಿ ಸುಳ್ಳು ಹೇಳಲಿಲ್ಲ. ದಡ್ಡಳೂ ಅಲ್ಲ. ಓಟಿಪಿ ಯಾರಿಗೂ ಹೇಳಬಾರದು ಎಂದು ಬ್ಯಾಂಕು ಹೇಳುತ್ತದೆ. ಓಟಿಪಿ ಹೇಳಿದರೇ ಸಿಲಿಂಡರ್ ಕೊಡುತ್ತೇನೆ ಎಂದು ಗ್ಯಾಸಿನವನು ಹೇಳುತ್ತಾನೆ. ಎರಡೂ ನಿಜ. ನಮ್ಮ ಜಾಗೃತಿ ಫಲಕಗಳು ಬರೆಯುವ ಸೂತ್ರಕ್ಕೂ ಅವಳು ಬದುಕುವ ದಿನಕ್ಕೂ ಹೊಂದಾಣಿಕೆಯೇ ಇಲ್ಲ. ಬಾಗಿಲಲ್ಲಿ ಸಾಮಾನು ಹಿಡಿದು ನಿಂತವನಿಗೆ ಹೇಳುವ ನಂಬರಿಗೂ ಫೋನಿನಲ್ಲಿ ಕೇಳುವವನಿಗೆ ಹೇಳುವ ನಂಬರಿಗೂ ಇರುವ ವ್ಯತ್ಯಾಸವನ್ನು ಆಕೆಗೆ ಯಾರೂ ಬಿಡಿಸಿ ಹೇಳಿಲ್ಲ. ಮೊದಲ ರೀತಿಯ ಪ್ರಶ್ನೆಯಿಂದ ಈ ಸಂಗತಿ ನಮಗೆ ಎಂದಿಗೂ ತಿಳಿಯುತ್ತಿರಲಿಲ್ಲ. "ಗೊತ್ತಿದೆಯಾ" ಎಂದು ಕೇಳಿದರೆ ಜನ ಹೌದು ಎನ್ನುತ್ತಾರೆ. ಮಠದಿಂದ ಬಂದವರು, ಹಣೆಗೆ ವಿಭೂತಿ ಹಚ್ಚಿಕೊಂಡವರು ಕೇಳಿದರೆ ಇನ್ನೂ ಬೇಗ ಹೌದು ಎನ್ನುತ್ತಾರೆ. ಅದು ನಮಗೆ ಕೊಡುವ ಮರ್ಯಾದೆ, ನಮಗೆ ಕೊಡುವ ಮಾಹಿತಿ ಅಲ್ಲ.

ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರಿಗೆ ಈ ಮರ್ಮ ಬಹಳ ಹಿಂದೆಯೇ ಗೊತ್ತಾಗಿದೆ. ಎಚ್‌ಐವಿ ವಿಷಯದಲ್ಲಿ ಅವರು ಏಡ್ಸ್ ಬಗ್ಗೆ ಕೇಳಿದ್ದೀರಾ ಎನ್ನುವ ಪ್ರಶ್ನೆಗೆ ನಿಲ್ಲುವುದಿಲ್ಲ. ತಡೆಯುವ ದಾರಿ ಯಾವುದು, ನೋಡಲು ಗಟ್ಟಿಮುಟ್ಟಾಗಿ ಇರುವವರಿಗೂ ಸೋಂಕು ಇರಬಹುದೇ, ಸೊಳ್ಳೆ ಕಚ್ಚಿದರೆ ಬರುತ್ತದೆಯೇ, ಸೋಂಕಿತರ ಜೊತೆ ಒಂದೇ ತಟ್ಟೆಯಲ್ಲಿ ಉಂಡರೆ ಬರುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದವರನ್ನು ಮಾತ್ರ ಪೂರ್ಣ ತಿಳಿವಳಿಕೆ ಉಳ್ಳವರು ಎಂದು ಎಣಿಸುತ್ತಾರೆ. 2019–21ರ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹಾಗೆ ಉತ್ತರಿಸಿದವರು ದೇಶದಲ್ಲಿ ಶೇ. 21.6, ಗಂಡಸರಲ್ಲಿ ಶೇ. 30.7. ಏಡ್ಸ್ ಎಂಬ ಹೆಸರು ಕೇಳಿದವರು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಗೋಡೆ ಬರಹ, ರೇಡಿಯೊ, ಬೀದಿನಾಟಕ, ಶಾಲೆಯ ಪಾಠ ಇಷ್ಟೆಲ್ಲ ವರ್ಷಗಳ ನಂತರದ ಲೆಕ್ಕ ಇದು. ಅದೇ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇನೆ ಎಂದ ಮಹಿಳೆಯರು ಶೇ. 33.3, ಗಂಡಸರು ಶೇ. 57.1. ತಾನೇ ಬಳಸುವ ಸ್ವಂತ ಮೊಬೈಲು ಇದೆ ಎಂದ ಹೆಣ್ಣುಮಕ್ಕಳು ಶೇ. 54. ಅಂದರೆ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು ಗಂಡನ, ಮಗನ ಫೋನಿನ ಮೂಲಕವೇ ಬ್ಯಾಂಕಿನ ಮೆಸೇಜು ನೋಡಬೇಕು. ಅವರ ಕೈಗೆ ಫೋನು ಸಿಗುವುದೇ ರಾತ್ರಿ ಎಲ್ಲರ ಊಟ ಆದ ಮೇಲೆ. ಆಮೇಲೆ ಫೋನುಗಳ ಸಂಖ್ಯೆ ಬಹಳ ಹೆಚ್ಚಿರಬಹುದು. ಆದರೂ ಮನೆಯಲ್ಲಿ ಫೋನಿದೆಯೇ ಎಂದು ಕೇಳುವ ಬದಲು ಅದು ಯಾರ ಕೈಯಲ್ಲಿ ಇರುತ್ತದೆ ಎಂದು ಕೇಳಿ.

ಈ ಬಗೆಯ ಸಮೀಕ್ಷೆ ನಮ್ಮ ನಾಡಿಗೆ ಹೊಸದೇನಲ್ಲ. 1951–52ರಲ್ಲಿಯೇ ಆಗಿನ ಮೈಸೂರು ರಾಜ್ಯದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಜನಸಂಖ್ಯೆಯ ಅಧ್ಯಯನ ಮಾಡಿದವು. ಎಷ್ಟು ಮಕ್ಕಳು ಬೇಕು, ಸಾಕು ಎನ್ನಿಸಿದರೆ ಏನು ಮಾಡುತ್ತೀರಿ ಎಂದು ಹಳ್ಳಿಯ ದಂಪತಿಗಳನ್ನೇ ಕೇಳಿದರು. ಆ ವರದಿ 1961ರಲ್ಲಿ ಅಚ್ಚಾಯಿತು. ಮುಂದೆ ಇಂಥ ಸಮೀಕ್ಷೆಗಳು ದೇಶದ ತುಂಬ ನಡೆದವು. ಬಾಯಲ್ಲಿ ಬೇಕು ಎಂದವರಿಗೂ ನಿಜವಾಗಿ ಆಸ್ಪತ್ರೆಯ ತನಕ ಬಂದವರಿಗೂ ನಡುವೆ ಕಂಡ ಅಂತರವೇ ತಜ್ಞರಿಗೆ ದೊಡ್ಡ ವಿಷಯವಾಯಿತು. ಅವರು ಇದನ್ನು ತಿಳಿವಳಿಕೆ, ಮನೋಭಾವ, ಆಚರಣೆ ಎಂದು ಮೂರು ಭಾಗ ಮಾಡಿ ಅಳೆಯುತ್ತಾರೆ. ಅರಿವು ಮತ್ತು ಆಚಾರ ಎಂಬ ಎರಡು ಮಾತುಗಳನ್ನು ದಿನವೂ ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಡುವಿನ ಮನೋಭಾವ ಎಂಬುದನ್ನು ನಾವು ಗಮನಿಸುವುದು ಕಡಿಮೆ. ಅರಿವು ಆಚಾರವಾಗದೆ ನಿಲ್ಲುವ ಜಾಗ ಅದು.

ಬಿ.ಪಿ. ಪ್ರಶ್ನೆ ತೆಗೆದುಕೊಳ್ಳಿ. ದಿನಾ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದರೆ ಎಲ್ಲರೂ ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. "ಗುಳಿಗೆ ತೋರಸ್ರಿ ನೋಡೂಣು" ಎನ್ನಿ. ಒಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಬರುತ್ತದೆ. ಅದರಲ್ಲಿ ಮೂರು ವರ್ಷದ ಚೀಟಿಗಳು, ಅರ್ಧ ಖಾಲಿಯಾದ ಗುಳಿಗೆಗಳು, ಮೊಮ್ಮಗಳ ಜ್ವರದ ಔಷಧ, ಎಲ್ಲವೂ ಕೂಡಿರುತ್ತವೆ. ಯಾವಾಗ ತಂದದ್ದು, ಎಷ್ಟು ಉಳಿದಿವೆ ಎಂದು ನೀವೇ ನೋಡಿ ಬರೆದುಕೊಳ್ಳಿ. "ತಲಿ ತಿರುಗಿದಾಗ ತಗೋತೀನ್ರಿ" ಎಂಬ ಮಾತು ಆಗ ಹೊರಗೆ ಬರುತ್ತದೆ. ಬಿ.ಪಿ. ಏರಿದರೂ ಬಹಳ ಮಂದಿಗೆ ತಲೆ ತಿರುಗುವುದೇ ಇಲ್ಲ, ಏನೂ ಗೊತ್ತಾಗುವುದಿಲ್ಲ. ಲಕ್ವ ಹೊಡೆದ ದಿನವೇ ಗೊತ್ತಾಗುವುದು. ಸಕ್ಕರೆ ಕಾಯಿಲೆಯದೂ ಇದೇ ಕತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಈ ಕಾಯಿಲೆ ಇದೆ ಎಂದು ಅಂದಾಜು ಮಾಡಿತು. ಅವರಲ್ಲಿ ನಮ್ಮ ಊರಿನವರೂ ಇದ್ದಾರೆ. ಪರೀಕ್ಷೆಯೇ ಮಾಡಿಸದೆ ಇರುವವರೂ ಇದ್ದಾರೆ. ಆದ್ದರಿಂದ "ಸಕ್ಕರೆ ಕಾಯಿಲೆ ಇದೆಯೇ" ಎನ್ನುವ ಮೊದಲು "ರಕ್ತ ಕೊನೆಗೆ ಯಾವಾಗ ಪರೀಕ್ಷೆ ಮಾಡಿಸಿದಿರಿ" ಎಂದು ಕೇಳಿ.

ನಾಯಿ ಕಡಿತ, ಹಾವು ಕಡಿತದ ಪ್ರಶ್ನೆಗಳನ್ನು ಕತೆಯ ರೂಪದಲ್ಲಿ ಕೇಳಬೇಕು. ಸಂಜೆ ಆರು ಗಂಟೆ, ಹೊಲದಿಂದ ಬರುವಾಗ ನಿಮ್ಮ ಮಗನಿಗೆ ಹಾವು ಕಚ್ಚಿತು; ಈಗ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ. ಅವರು ಹೇಳಿದ ಕ್ರಮದಲ್ಲಿಯೇ ಬರೆದುಕೊಳ್ಳಿ. ಹಗ್ಗದಿಂದ ಬಿಗಿದು ಕಟ್ಟುತ್ತೇವೆ ಎನ್ನುತ್ತಾರೋ, ಬ್ಲೇಡಿನಿಂದ ಗೀರುತ್ತೇವೆ ಎನ್ನುತ್ತಾರೋ, ಮೊದಲು ಮಂತ್ರ ಹಾಕುವವನ ಬಳಿ ಹೋಗುತ್ತಾರೋ, 108ಕ್ಕೆ ಫೋನ್ ಮಾಡುತ್ತಾರೋ, ಅವರ ಬಾಯಿಂದಲೇ ಬರಲಿ. ಬಿಗಿದು ಕಟ್ಟುವುದು, ಗೀರುವುದು, ಬಾಯಿಂದ ಹೀರುವುದು ಮೂರೂ ಅಪಾಯ. ಕೈಕಾಲು ಅಲುಗಾಡಿಸದೆ ಮಲಗಿಸಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯುವುದು ಒಂದೇ ದಾರಿ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು, ತಡಮಾಡದೆ ಲಸಿಕೆ ಹಾಕಿಸಬೇಕು. ಖಾರದಪುಡಿ, ಸುಣ್ಣ ಹಚ್ಚುವ ಮನೆಗಳು ಇನ್ನೂ ಇವೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿ ಈ ಒಂದು ಪ್ರಶ್ನೆಗೆ ತಪ್ಪು ಉತ್ತರ ಬಂದ ಮನೆಯಲ್ಲಿ, ಫಾರ್ಮು ಮುಗಿದ ಮೇಲೆ, ಸರಿಯಾದದ್ದನ್ನು ಹೇಳದೆ ಎದ್ದು ಬರಬೇಡಿ. ಮುಗಿದ ಮೇಲೆ ಎಂದೆ. ನಡುವೆ ತಿದ್ದಿದರೆ ಮುಂದಿನ ಉತ್ತರಗಳೆಲ್ಲ ನಿಮ್ಮ ಮುಖ ನೋಡಿ ಬರುತ್ತವೆ.

ಮೊಬೈಲಿನ ಪುಟಕ್ಕೆ ಬರುತ್ತೇನೆ. ಇಲ್ಲಿಯೂ ಕತೆಯೇ. "ನಿಮ್ಮ ಗೃಹಲಕ್ಷ್ಮಿ ಹಣ ತಡೆಹಿಡಿಯಲಾಗಿದೆ, ಬಿಡಿಸಲು ಪಿನ್ ಒತ್ತಿ" ಎಂದು ಫೋನ್ ಬಂತು, ಏನು ಮಾಡುತ್ತೀರಿ? ನಮ್ಮ ಖಾತೆಗೆ ಹಣ ಬರಲು ಪಿನ್ ಬೇಕಾಗುವುದೇ ಇಲ್ಲ, ಹೋಗಲು ಮಾತ್ರ ಬೇಕು ಎಂಬುದು ಎಷ್ಟು ಮನೆಗೆ ತಿಳಿದಿದೆ ನೋಡೋಣ. ಮದುವೆಯ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಒಂದು ಫೈಲು ಬಂತು, ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದೆ, ತೆರೆಯುತ್ತೀರಾ? ಅದು ಚಿತ್ರವಲ್ಲ, ಫೋನಿನೊಳಗೆ ಬಂದು ಕೂತು ನಿಮ್ಮ ಮೆಸೇಜುಗಳನ್ನು ಓದುವ ಆ್ಯಪು. ಇವಕ್ಕೆ ಹುಡುಗರು ಥಟ್ಟನೆ ಉತ್ತರಿಸುತ್ತಾರೆ, ಹೆಚ್ಚು ಹೊತ್ತು ಬೇಡ.

ಹೊತ್ತು ಕೊಡಬೇಕಾದದ್ದು ಮುಂದಿನದಕ್ಕೆ. ಪೊಲೀಸ್ ಸಮವಸ್ತ್ರದ ಒಬ್ಬ ವಿಡಿಯೊ ಕಾಲಿನಲ್ಲಿ ಬರುತ್ತಾನೆ. ನಿಮ್ಮ ಆಧಾರಿನಿಂದ ಅಪರಾಧ ನಡೆದಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಫೋನ್ ಇಡುವಂತಿಲ್ಲ, ಮನೆಯವರಿಗೆ ಹೇಳುವಂತಿಲ್ಲ ಎನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ರೇಡಿಯೊ ಭಾಷಣದಲ್ಲಿ ಇದನ್ನು ಬಿಡಿಸಿ ಹೇಳಿದರು. ಆದರೂ ಮೋಸ ನಿಂತಿಲ್ಲ. ನಿವೃತ್ತ ಮೇಷ್ಟರು, ಬ್ಯಾಂಕಿನಲ್ಲಿ ದುಡಿದವರು, ಓದಿ ಬರೆದವರೇ ಸಿಕ್ಕಿಬೀಳುತ್ತಿದ್ದಾರೆ. ತಿಳಿವಳಿಕೆ ಇಲ್ಲದೆ ಅಲ್ಲ. ಮರ್ಯಾದೆಗೆ ಅಂಜಿ. ಮನೆಯವರಿಗೆ ಹೇಳಬೇಡ ಎಂದು ಅವನು ಹೇಳುವ ಮಾತೇ ಅವನ ಆಯುಧ. ಆದ್ದರಿಂದ ಇಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: "ಹೀಗಾದರೆ ಮೊದಲು ಯಾರಿಗೆ ಹೇಳುತ್ತೀರಿ?"

ಎರಡು ವಿಷಯ ಒಂದೇ ಫಾರ್ಮಿನಲ್ಲಿ ಏಕೆ ಎಂಬುದಕ್ಕೆ ನನ್ನ ಎರಡನೆಯ ಕಾರಣ ಇದೇ. ಆರೋಗ್ಯದ ಪುಟದಲ್ಲಿಯೂ ಈ ಪ್ರಶ್ನೆ ಇದೆ. ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ ಮೊದಲು ಯಾರಿಗೆ ಹೇಳುತ್ತೀರಿ? ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಯಾರಿಗೆ ಹೇಳುತ್ತೀರಿ? ಕ್ಷಯದ ಪರೀಕ್ಷೆ, ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ, ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ ಹಣವೂ ಬರುತ್ತದೆ. ಇದು ಗೊತ್ತಿದ್ದರೂ ಮಗಳ ಮದುವೆ ಮುಗಿಯಲಿ ಎಂದು ಕೆಮ್ಮನ್ನು ಮುಚ್ಚಿಟ್ಟ ತಾಯಂದಿರು ಇದ್ದಾರೆ. ಹಣ ಕಳೆದುಕೊಂಡವನು ಹೆಂಡತಿಗೆ ಹೇಳುವುದಿಲ್ಲ, ಗಂಟು ಕಂಡವಳು ಗಂಡನಿಗೆ ಹೇಳುವುದಿಲ್ಲ. ಎರಡು ಕಡೆಯೂ ಕಳೆದುಹೋಗುವುದು ಸಮಯ. ಫೋಟೊ ತಿರುಚಿ ಬೆದರಿಸುವವನ ಕೈಗೆ ಸಿಕ್ಕ ಹುಡುಗಿ, ಸಾಲದ ಆ್ಯಪಿನವರು ಬಂಧುಗಳಿಗೆಲ್ಲ ಮೆಸೇಜು ಹಾಕುತ್ತೇವೆ ಎಂದು ಹೆದರಿಸಿದ ಹುಡುಗ, ಇವರ ಪಾಡೂ ಇದೇ. ಮನೆಯಲ್ಲಿ ಬೈಗುಳ ಬೀಳುತ್ತದೆ ಎಂಬ ಭಯ ವಂಚಕನ ಭಯಕ್ಕಿಂತ ದೊಡ್ಡದು.

ಹಣ ಹೋದರೆ 1930ಕ್ಕೆ ಆಗಿಂದಾಗಲೇ ಫೋನ್ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ಎಲ್ಲೋ ಒಂದು ಕಡೆ ಇನ್ನೂ ಕೂತಿರುವಾಗಲೇ ಬ್ಯಾಂಕುಗಳು ತಡೆಯಬಲ್ಲವು. ಈ ಸಹಾಯವಾಣಿ 2021ರಲ್ಲಿ 155260 ಎಂಬ ನಂಬರಿನಿಂದ ಶುರುವಾಗಿತ್ತು. ಹಳೆಯ ಫಲಕ ಎಲ್ಲಾದರೂ ಕಂಡರೆ ತೆಗೆಸಿ. ಜಿಲ್ಲೆಗಳಲ್ಲಿ ಸೈಬರ್ ಅಪರಾಧದ ಸಿಇಎನ್ ಪೊಲೀಸ್ ಠಾಣೆ ಇದೆ. ಇನ್ನು, ತಪ್ಪು ನಮ್ಮದೇ, ದೂರು ಕೊಟ್ಟು ಏನು ಉಪಯೋಗ ಎನ್ನುವವರಿಗೆ ಒಂದು ವಿಷಯ ಹೇಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಪಿನ್ ಕೊಟ್ಟಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಿಳಿಸುವ ತನಕದ್ದು ಮಾತ್ರ ನಮ್ಮದು.

ಫಾರ್ವರ್ಡ್ ಮೆಸೇಜಿನ ಪ್ರಶ್ನೆ ಮೂರನೆಯ ಪುಟದಲ್ಲಿದೆ. ವಾಟ್ಸಾಪಿನಲ್ಲಿ ಬಂದದ್ದೆಲ್ಲ ನಿಜವೇ ಎಂದರೆ ನೂರಕ್ಕೆ ನೂರು ಮಂದಿ ಅಲ್ಲ ಎನ್ನುತ್ತಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕೂಡಿದ ಜನರನ್ನು ಹಿಂದಿನ ದಿನ ಕೇಳಿದ್ದರೂ ಅಲ್ಲ ಎಂದೇ ಹೇಳುತ್ತಿದ್ದರು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕಲೇಟು ಕೊಟ್ಟರು ಎಂಬುದೇ ನೆಪವಾಗಿ, ಮಕ್ಕಳ ಕಳ್ಳರು ಎಂಬ ಮೆಸೇಜು ಅವರಿಗಿಂತ ಮೊದಲು ಊರು ಮುಟ್ಟಿತು. ಕಾರು ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತುಹೋದ. ಬಸವಕಲ್ಯಾಣ ಇರುವ ಜಿಲ್ಲೆ ಅದು, ಅನುಭವ ಮಂಟಪದ ನೆಲ. ಹೇಳಲು ಗಂಟಲು ಕಟ್ಟುತ್ತದೆ. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು. ನಂಬುತ್ತೀರಾ ಎಂದು ಕೇಳಬೇಡಿ. "ಕೊನೆಗೆ ಕಳಿಸಿದ ಮೆಸೇಜು ಯಾವುದು, ಯಾರಿಗೆ ಕಳಿಸಿದಿರಿ, ಕಳಿಸುವ ಮೊದಲು ಯಾರನ್ನಾದರೂ ಕೇಳಿದಿರಾ" ಎಂದು ಕೇಳಿ.

ಇನ್ನು ನಿಮ್ಮ ನಡತೆಯ ಮಾತು. 2025ರ ಸೆಪ್ಟೆಂಬರಿನಲ್ಲಿ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ 60 ಪ್ರಶ್ನೆಗಳಿಗೆ ಉತ್ತರಿಸಿ ಜನ ದಣಿದಿದ್ದಾರೆ. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಎಂದು ನಾವೇ ಎಷ್ಟು ಸಭೆ ಮಾಡಿದೆವು, ನೆನಪಿದೆಯಲ್ಲ! ಈ ಫಾರ್ಮಿನಲ್ಲಿ ಆ ಕಾಲಂ ಇಲ್ಲ. ಹೆಸರೂ ಇಲ್ಲ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಫೋನ್ ನಂಬರು ಯಾವುದನ್ನೂ ಕೇಳಬಾರದು, ಅವರಾಗಿಯೇ ಕೊಟ್ಟರೂ ಬರೆದುಕೊಳ್ಳಬಾರದು. ಯಾರ ಫೋನನ್ನೂ ಕೈಗೆ ತೆಗೆದುಕೊಳ್ಳಬಾರದು. ಫೋಟೊ ತೆಗೆದು ಗ್ರೂಪಿಗೆ ಹಾಕುವ ಆಸೆ ಇದ್ದವರು ಇವತ್ತೇ ಹೇಳಿಬಿಡಿ, ಬೇರೆ ಸೇವೆ ಕೊಡೋಣ. ನಾಳೆ ಇನ್ನೊಬ್ಬ ಮಠದವನೆಂದು ಹೇಳಿಕೊಂಡು ಬಂದು ಆಧಾರ್ ಕೇಳಿದರೆ, "ಮಠದವರು ಅದನ್ನು ಕೇಳಲೇ ಇಲ್ಲ" ಎಂದು ಅವರು ಅವನನ್ನು ಹೊರಗೆ ಕಳಿಸುವಂತಿರಬೇಕು. ಉತ್ತರ ಕೊಡಲು ಒಲ್ಲೆ ಎಂದವರನ್ನು ಒತ್ತಾಯಿಸಬೇಡಿ, ಅಪ್ಪಗಳ ಹೆಸರು ಹೇಳಿಯಂತೂ ಬೇಡವೇ ಬೇಡ.

ಹೆಣ್ಣುಮಕ್ಕಳ ಪ್ರಶ್ನೆಗಳನ್ನು ಅಕ್ಕನ ಬಳಗದವರೇ, ಅಡುಗೆಮನೆಯಲ್ಲೋ ಹಿತ್ತಿಲಲ್ಲೋ, ಅತ್ತೆ ಗಂಡಂದಿರ ಕಿವಿಗೆ ಬೀಳದಂತೆ ಕೇಳಬೇಕು. ಪಡಸಾಲೆಯಲ್ಲಿ ಕೇಳಿದರೆ ಸೊಸೆಯ ಉತ್ತರವನ್ನು ಅತ್ತೆ ಕೊಡುತ್ತಾಳೆ. ಮೋಸ ಹೋದ ಸಂಗತಿ ಯಾರಾದರೂ ಹೇಳಿದರೆ "ಅಯ್ಯೋ, ಅಷ್ಟೂ ಗೊತ್ತಾಗಲಿಲ್ಲವೇ" ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಆ ಒಂದು ಮಾತು ಪಕ್ಕದ ಹತ್ತು ಮನೆಗಳ ಬಾಯಿ ಕಟ್ಟುತ್ತದೆ. ಮನಸ್ಸು ಕುಗ್ಗಿದವರಿಗೆ 14416 ಎಂಬ ಟೆಲಿಮಾನಸ್ ನಂಬರು ಕೊಡಿ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಯಾವ ಮನೆಗೆ ಹೋಗಬೇಕು ಎಂಬುದನ್ನು ನೀವು ಆರಿಸುವಂತಿಲ್ಲ. ಊರಿನ ನಕ್ಷೆ ಹಿಡಿದು, ಚೀಟಿ ಎತ್ತಿ ಬಂದ ಮನೆಯಿಂದ ಶುರುಮಾಡಿ ಪ್ರತಿ ಐದನೆಯ ಮನೆ. ಅದು ನಿಮ್ಮ ನೆಂಟರ ಮನೆಯಾದರೂ ಸರಿ, ಮುನಿಸಿಕೊಂಡವರ ಮನೆಯಾದರೂ ಸರಿ. ಮಠಕ್ಕೆ ನಡೆದುಕೊಳ್ಳುವವರನ್ನು ಮಾತ್ರ ಕೇಳಿದರೆ ಮಠಕ್ಕೆ ಬರುವವರಿಗೆ ಏನು ಗೊತ್ತು ಎಂಬುದಷ್ಟೇ ತಿಳಿಯುತ್ತದೆ. ಹೊಲಗೇರಿ, ಮಾದಿಗರ ಕೇರಿ, ತಾಂಡಾ, ಮುಸ್ಲಿಮರ ಓಣಿ, ಊರಾಚೆಯ ಗುಡಿಸಲು, ಎಲ್ಲವೂ ನಕ್ಷೆಯಲ್ಲಿವೆ. ಅಲ್ಲಿ ಕಟ್ಟೆಯ ಮೇಲೆ ನಿಂತು ಕೇಳಿ ಬರುವುದಲ್ಲ. ಒಳಗೆ ಕರೆದರೆ ಒಳಗೆ ಹೋಗಿ, ಚಹಾ ಕೊಟ್ಟರೆ ಕುಡಿಯಿರಿ. ಇದನ್ನು ಇಲ್ಲಿ ಹೇಳಬೇಕಾಯಿತಲ್ಲ ಎಂಬ ಸಂಕಟ ನನಗಿದೆ, ಆದರೂ ಹೇಳುತ್ತೇನೆ, ಏಕೆಂದರೆ ನಾವು ಹೋಗದ ಕೇರಿಯ ಲೆಕ್ಕ ವರದಿಯಲ್ಲಿ ಸೊನ್ನೆ ಆಗುವುದಿಲ್ಲ, ಕಾಣದೆಯೇ ಹೋಗುತ್ತದೆ. ಕೂಲಿಗೆ ಹೋದವರು ಹಗಲು ಸಿಗುವುದಿಲ್ಲ. ಬೀಗ ಹಾಕಿದ ಮನೆಗೆ ಸಂಜೆ ಏಳರ ನಂತರ ಮತ್ತೆ ಹೋಗಿ, ಎರಡು ಸಲ ಹೋದರೂ ಸಿಗದಿದ್ದರೆ ಮಾತ್ರ ಮುಂದಿನ ಮನೆ.

ಲೆಕ್ಕ ಕೂಡಿಸಿದ ಮೇಲೆ ಅದನ್ನು ಆಯಾ ಊರಿನಲ್ಲಿಯೇ ಓದಿ ಹೇಳುತ್ತೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಒಂದೊಂದು ಪ್ರತಿ ಕೊಡುತ್ತೇವೆ. ಯಾವ ಊರಿನಲ್ಲಿ ಯಾವ ಉತ್ತರ ಹೆಚ್ಚು ತಪ್ಪಾಗಿದೆಯೋ ಆ ಊರಿನ ಮುಂದಿನ ಶಿವಾನುಭವ ಗೋಷ್ಠಿಗೆ ಅದೇ ವಿಷಯ. ಆರು ತಿಂಗಳಾದ ಮೇಲೆ ಅದೇ ಪ್ರಶ್ನೆಗಳನ್ನು ಹಿಡಿದು ಮತ್ತೆ ಹೋಗುತ್ತೇವೆ. ಆಗ ಗುಳಿಗೆಯ ಡಬ್ಬಿ ಹೇಗಿದೆ ಎಂದು ನೋಡಬೇಕು.

ಈಗ ಫಾರ್ಮು ಹಂಚುತ್ತಾರೆ. ಪ್ರಸಾದಕ್ಕೆ ಮೊದಲು ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರಿಗೊಬ್ಬರು ಪೂರ್ತಿ ಕೇಳಿ ನೋಡಿ. ನಿಮ್ಮ ಮನೆಯ ಗುಳಿಗೆಗಳ ಲೆಕ್ಕವನ್ನೂ, ಈ ತಿಂಗಳು ನೀವು ಓಟಿಪಿ ಹೇಳಿದವರ ಹೆಸರುಗಳನ್ನೂ ಬಿಡದೆ ಬರೆಯಿರಿ.